ಅರ್ಧಕ್ಕೆ ನಿಂತ ಮುಳ್ಳು

ಬೀದಿಯವರ ಗಡಿಯಾರಗಳನ್ನೆಲ್ಲ ದಾರಿಗೆ ತಂದ ವಾಚ್ ರಿಪೇರಿಯವನಿಗೆ ತನ್ನ ಕಾರಿನ ಒಂದು ಮುಳ್ಳು ಮಾತ್ರ ಬಗ್ಗಲಿಲ್ಲ. ಪೆಟ್ರೋಲ್ ಮುಳ್ಳು ಅದು. ಟ್ಯಾಂಕ್ ತುಂಬಿ ತುಳುಕಿದರೂ ಅರ್ಧ, ತಳ ಕಂಡರೂ ಅರ್ಧ. ಬೀದಿಯವರು ಸುಮ್ಮನಿರುತ್ತಾರೆಯೇ? ಇಪ್ಪತ್ತಾರು ವರ್ಷದ ಆ ಕಾರಿಗೆ 'ಅರ್ಧಾಂಗಿ' ಎಂದು ಹೆಸರಿಟ್ಟುಬಿಟ್ಟರು.

ಮುಳ್ಳೆಂದರೆ ತನ್ನ ಕಸುಬೇ ತಾನೇ ಎಂದು ಅವನು ಒಂದು ಭಾನುವಾರ ಗಾಜು ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಡಯಲ್ಲನ್ನು ಒರೆಸಿ, ಮುಳ್ಳಿನ ಬುಡಕ್ಕೆ ಒಂದು ತೊಟ್ಟು ವಾಚಿನ ಎಣ್ಣೆ ಬಿಟ್ಟ. ಮುಳ್ಳು ಫಳಫಳ ಹೊಳೆಯಿತು. ಆದರೆ ಅರ್ಧದಲ್ಲೇ ಹೊಳೆಯಿತು.

ಮೆಕ್ಯಾನಿಕ್ ನೋಡಿ ನಕ್ಕ. "ಕಾಯಿಲೆ ಇರೋದು ಹೊಟ್ಟೇಲಿ ಸ್ವಾಮಿ, ನೀವು ಮುಖಕ್ಕೆ ಪೌಡರ್ ಹಚ್ಚಿದೀರ. ಟ್ಯಾಂಕ್ ಒಳಗೆ ತೇಲೋ ಬುರುಡೆ ಇರುತ್ತಲ್ಲ, ಅದರ ಕಡ್ಡಿ ಸಿಕ್ಕಿಕೊಂಡಿದೆ. ಈ ಕಾಲದಲ್ಲಿ ಆ ಸಾಮಾನು ಎಲ್ಲಿಂದ ತರ್ಲಿ?"

ಅವನು ಕಿಲೋಮೀಟರ್ ಎಣಿಸಿಕೊಂಡು ಓಡಿಸಿ ನೋಡಿದ. ಒಂದು ಕಾಲಕ್ಕೆ ಲೀಟರಿಗೆ ಹದಿನಾಲ್ಕು ಕೊಡುತ್ತಿದ್ದ ಕಾರು ಈಗ ಒಂಬತ್ತಕ್ಕೆ ಇಳಿದಿತ್ತು; ಅದೂ ಅದರ ಮನಸ್ಸು ಸರಿಯಿದ್ದ ದಿನ. ಸಿಗ್ನಲ್ಲಿನಲ್ಲಿ ನಿಂತಾಗ ಕಿಲೋಮೀಟರ್ ಓಡುವುದಿಲ್ಲ, ಪೆಟ್ರೋಲ್ ಓಡುತ್ತದೆ. ಆ ಲೆಕ್ಕ ನಂಬಿ ಎರಡು ಸಲ ದಾರಿಯಲ್ಲಿ ನಿಂತದ್ದಾಯಿತು. ಎರಡನೆಯ ಸಲ ಶಾಲೆಗೆ ನಡೆದುಕೊಂಡು ಹೋದ ಹೆಂಡತಿ, ಗಣಿತದ ಟೀಚರ್, ಸಂಜೆ ಬಂದವಳೇ ತೀರ್ಪು ಕೊಟ್ಟಳು: "ನೋಡ್ರೀ, ಒಂದು ಮನೆಗೆ ಇಬ್ಬರು ಅರ್ಧಾಂಗಿಯರು ಬೇಡ. ಇನ್ನೊಂದೇ ಒಂದು ಸಲ ನಡುರೋಡಲ್ಲಿ ನಿಲ್ಲಲಿ, ಅವತ್ತೇ ಸಂಜೆ ಗುಜರಿಗೆ."

ಅವಳು ಹೇಳಿದ್ದನ್ನು ಮಾಡುವವಳು. ಅವನಿಗೆ ಊಟ ರುಚಿಸಲಿಲ್ಲ.

ಆಗ ದಾರಿ ತೋರಿದ್ದು ಅಮ್ಮ. ದಿನಾ ಬೆಳಿಗ್ಗೆ ಮೊದಲು ಅಮ್ಮ ತನ್ನ ಅಕ್ಕನ ಮನೆಗೆ, ಆಮೇಲೆ ಸೊಸೆ ಶಾಲೆಗೆ, ಕೊನೆಗೆ ಮಗ ಅಂಗಡಿಗೆ, ಹೀಗೆ ಮೂವರೂ ಒಂದೇ ಕಾರಿನಲ್ಲಿ ಹೊರಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಕೂತೊಡನೆ ಅಮ್ಮ ಕಣ್ಣು ಮುಚ್ಚಿ, ಚಿಕ್ಕಂದಿನಲ್ಲೇ ಬಾಯಿಪಾಠವಾದ ಕಾವ್ಯವನ್ನು ರಾಗವಾಗಿ ಹೇಳಿಕೊಳ್ಳಲು ಶುರುಮಾಡುವಳು. ಇಳಿಯುವಾಗ ನಿಲ್ಲಿಸಿದ ಪದ್ಯದಿಂದಲೇ ಮತ್ತೆ ಹತ್ತಿದಾಗ ಎತ್ತಿಕೊಳ್ಳುವಳು. "ಮಗಾ, ನೀನು ಟ್ಯಾಂಕ್ ತುಂಬಿಸಿದಾಗಿಂದ ಕಾರು ನಿಲ್ಲೋವರೆಗೂ ಎರಡು ಸಲವೂ ಎಂಟೇ ಸಂಧಿ ಆಗಿತ್ತು" ಎಂದಳು ಒಂದು ದಿನ, ಹವಾ ಹೇಗಿದೆ ಎನ್ನುವಷ್ಟು ಸಲೀಸಾಗಿ. ಹೌದಲ್ಲ! ಅಮ್ಮನ ಪದ್ಯ ಸಿಗ್ನಲ್ಲಿಗೂ ನಿಲ್ಲುವುದಿಲ್ಲ, ಏರಿಗೂ ಏದುವುದಿಲ್ಲ. ಅಂದಿನಿಂದ ಏಳು ಸಂಧಿ ಮುಗಿದೊಡನೆ ಅಮ್ಮ "ಆಯ್ತು ಮಗಾ" ಎನ್ನುವಳು, ಅವನು ಬಂಕಿಗೆ ತಿರುಗಿಸುವನು. ನಾಲ್ಕು ತಿಂಗಳು ಕಾರು ಎಲ್ಲೂ ನಿಲ್ಲಲಿಲ್ಲ.

ಐದನೆಯ ತಿಂಗಳ ಒಂದು ಶುಕ್ರವಾರ, ಏಳನೆಯ ಸಂಧಿ ಮುಗಿಯುವ ಮೊದಲೇ, ಸೇತುವೆಯ ಏರಿನಲ್ಲಿ ಅರ್ಧಾಂಗಿ ಕೆಮ್ಮಿದಳು.

"ಶೀತ ಇರಬೇಕು" ಎಂದ ಅವನು.

"ಕಾರಿಗಾ?" ಎಂದಳು ಹೆಂಡತಿ, ಕಿಟಕಿಯ ಹೊರಗೆ ನೋಡುತ್ತ.

ಎರಡನೆಯ ಕೆಮ್ಮಿಗೆ ಎಂಜಿನ್ ಉಸಿರು ಬಿಟ್ಟಿತು. ಉಳಿದಿದ್ದ ಓಟದಲ್ಲೇ ಅವನು ಸ್ಟೀರಿಂಗ್ ಎಡಕ್ಕೆಳೆದು, ಕಾರನ್ನು ಸೇತುವೆಯ ಕಟ್ಟೆಯ ಪಕ್ಕಕ್ಕೆ ತಂದು ನಿಲ್ಲಿಸಿದ. ಪದ್ಯವೂ ನಿಂತಿತು. ಅಮ್ಮನ ದನಿ ಅವನಿಗೆ ಎಂಜಿನ್ ಸದ್ದಿನಂತೆ, ನಿಂತಾಗ ಮಾತ್ರ ಕೇಳಿಸುವಂಥದ್ದು.

"ನನ್ನದೇ ತಪ್ಪು ಮಗಾ" ಎಂದಳು ಅಮ್ಮ, ಕೈಚೀಲದ ಹಿಡಿ ಹಿಂಡುತ್ತ. "ಸಾರಥಿ ರಥ ನಿಲ್ಲಿಸಿ, ಬಾಯಾರಿದ ಕುದುರೆಗಳಿಗೆ ನೀರು ಕುಡಿಸೋ ಪದ್ಯ ಬಂದಿತ್ತು. ಅದನ್ನ ಬಿಟ್ಟು ಮುಂದಕ್ಕೆ ಹೋಗೋಕೆ ಮನಸ್ಸೇ ಬರಲಿಲ್ಲ. ಹೇಳಿದ್ದನ್ನೇ ಹೇಳ್ತಾ ಕೂತೆ. ಎಷ್ಟು ಸಲ ಆಯ್ತೋ..."

"ಅರವತ್ತೆರಡು ಸಲ" ಎಂದಳು ಹೆಂಡತಿ.

ಇಬ್ಬರೂ ಅವಳತ್ತ ತಿರುಗಿದರು.

"ಸೋಮವಾರದಿಂದ. ಸಂಧಿಗೆ ಅರವತ್ತು ಪದ್ಯ ಅಂತ ಇಟ್ಕೊಂಡ್ರೆ ಒಂದು ಸಂಧಿ ಹೆಚ್ಚಾಯ್ತು, ಮೇಲೆ ಎರಡು ಪದ್ಯ. ಇವತ್ತು ಸೇತುವೆ ದಾಟಲ್ಲ ಅಂತ ನಿನ್ನೆನೇ ಗೊತ್ತಿತ್ತು. ಡಿಕ್ಕಿ ತೆಗೀರಿ."

ಡಿಕ್ಕಿಯಲ್ಲಿ, ಹಳೆಯ ಟವೆಲ್ಲಿನಲ್ಲಿ ಸುತ್ತಿದ ಐದು ಲೀಟರಿನ ಕ್ಯಾನ್ ಇತ್ತು. ಬಾಯಿಗೆ ಬಿಗಿಯಾಗಿ ಮುಚ್ಚಳ. ಪಕ್ಕದಲ್ಲಿ ಶಾಲೆಯ ಲ್ಯಾಬಿನದಿರಬೇಕು, ಪೆಟ್ರೋಲ್ ಸುರಿಯಲು ಒಂದು ಆಲಿಕೆ.

"ಗೊತ್ತಿದ್ರೆ ಮೊದಲೇ ಒಂದು ಮಾತು ಹೇಳಬಾರದಿತ್ತೇನೇ?" ಎಂದ ಅವನು ಡಿಕ್ಕಿಯ ಮರೆಯಲ್ಲಿ, ಮೆಲ್ಲಗೆ.

ಅವಳೂ ದನಿ ತಗ್ಗಿಸಿದಳು. "ಹೇಳಿದ್ರೆ ಅತ್ತೆ ಆ ಪದ್ಯ ನಿಲ್ಲಿಸಿಬಿಡ್ತಿದ್ರು."

ಅವನು ಕ್ಯಾನ್ ಎತ್ತಿದ. ಆದರೆ ಗಂಟಲಲ್ಲಿ ಇನ್ನೊಂದು ಪ್ರಶ್ನೆ ಸಿಕ್ಕಿಕೊಂಡಿತ್ತು. ಟ್ಯಾಂಕಿನ ಕಡ್ಡಿಯಂತೆ ಮೇಲೂ ಬಾರದು, ಕೆಳಗೂ ಇಳಿಯದು. ಕೊನೆಗೆ ಕೇಳಿಯೇಬಿಟ್ಟ. "ಹಾಗಾದ್ರೆ... ಸಂಜೆ ಗುಜರಿಯವನಿಗೆ ಹೇಳ್ಬೇಕಾ?"

ಅವಳು ಚಕ್ರಗಳನ್ನು ನೋಡಿದಳು. ಕಟ್ಟೆಗೂ ಚಕ್ರಕ್ಕೂ ಒಂದು ಗೇಣು ಅಂತರ. ಆಮೇಲೆ ರಸ್ತೆಯ ನಡುವಿನ ಬಿಳಿಗೆರೆ ನೋಡಿದಳು. ತಪ್ಪು ಉತ್ತರಕ್ಕೆ ಅರ್ಧ ಅಂಕವನ್ನೂ ಕೊಡದ ಟೀಚರ್ ಅವಳು.

"ನಾನು ಹೇಳಿದ್ದೇನು?"

"ಇನ್ನೊಂದು ಸಲ ನಿಂತ್ರೆ ಅಂತ."

"ಪೂರ್ತಿ ಹೇಳಿ."

"ನಡುರೋಡಲ್ಲಿ ನಿಂತ್ರೆ ಅಂತ."

"ಇದು ನಡುವಾ?"

ಅವನು ಕಟ್ಟೆ ನೋಡಿದ, ಗೆರೆ ನೋಡಿದ, ಹೆಂಡತಿಯನ್ನು ನೋಡಿದ. "ಅಂಚು!" ಎಂದು ಕೂಗಿದ, ಪಕ್ಕದಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ತಿರುಗಿ ನೋಡುವಷ್ಟು ಜೋರಾಗಿ.

"ಹಾಂ. ಬೇಗ ಸುರೀರಿ, ಬೆಲ್ ಹೊಡೆಯೋಕೆ ಹನ್ನೆರಡು ನಿಮಿಷ ಇದೆ." ಅವಳು ಹಿಂದಿನ ಕಿಟಕಿಗೆ ಬಾಗಿದಳು. "ಅತ್ತೇ, ಯಾಕೆ ಸುಮ್ಮನಾದ್ರಿ? ಕುದುರೆಗೆ ಈಗ ನೀರು ಕುಡಿಸ್ತಿದ್ದಾರೆ. ಹೇಳಿ."

ಅಮ್ಮ ಸೊಸೆಯ ಮುಖ ನೋಡಿ, ಕಣ್ಣು ಮುಚ್ಚಿ, ಅರವತ್ತಮೂರನೆಯ ಸಲ ಶುರುಮಾಡಿದಳು. ಪೆಟ್ರೋಲು ಗುಳುಗುಳು ಎಂದು ಇಳಿಯುತ್ತಿತ್ತು. ದಿನವೂ ಕೇಳಿಯೂ ಕೇಳದಿದ್ದ ಪದ್ಯವನ್ನು ಅವನು ಅಂದು ಕಟ್ಟೆಯ ಪಕ್ಕ ನಿಂತು ಕೊನೆಯವರೆಗೆ ಕೇಳಿದ. ನೀರು ಕುಡಿದ ಕುದುರೆಗಳು ಕಿವಿ ಒದರುವ ಜಾಗದಲ್ಲಿ ಅಮ್ಮನ ದನಿ ಸಣ್ಣಗೆ ನಕ್ಕಿತು. ಕ್ಯಾನ್ ಖಾಲಿಯಾದದ್ದು ಅವನಿಗೆ ತಿಳಿಯಲೇ ಇಲ್ಲ.

ಬೀಗದಕೈ ತಿರುಗಿಸಿದ. ಅರ್ಧಾಂಗಿ ಒಮ್ಮೆ ಗೊಣಗಿ ಎದ್ದಳು. ಹೆಂಡತಿ ಪಕ್ಕದಲ್ಲಿ ಕೂತು, ಫಳಫಳ ಹೊಳೆಯುವ ಮುಳ್ಳಿನತ್ತ ಬಗ್ಗಿ ನೋಡಿದಳು.

"ಅರ್ಧ ಇದೆ" ಎಂದಳು ಗಂಭೀರವಾಗಿ. "ನಡೀರಿ."