ಬಂಡೆಯ ಹಿಂದೆ ಬಿಟ್ಟ ಪೊದೆ

"ಇದು ಎಲ್ಲಿಂದ ಬರ್ತಿದೆ, ಮೊದಲು ಅದನ್ನ ಹೇಳಿ," ಎಂದು ಅಧಿಕಾರಿ ಬಗ್ಗಿ ಒಂದು ಎಳೆಯ ಲಂಟಾನ ಸಸಿಯನ್ನು ಕಿತ್ತು, ಬೇರಿನ ಮಣ್ಣು ಕೊಡವಿ, ಮೇಸ್ತ್ರಕ್ಕನ ಮುಖದೆದುರು ಹಿಡಿದರು. "ಹೋದ ವರ್ಷ ಇಡೀ ಗುಡ್ಡ ಬೋಳಿಸಿ ಕೊಟ್ಟಿದ್ದೀವಿ ಅಂದ್ರಿ. ಅದರ ಹಿಂದಿನ ವರ್ಷಾನೂ ಅದನ್ನೇ ಅಂದ್ರಿ. ಈಗ ನೋಡಿ, ಕಾಲಿಡೋಕೆ ಜಾಗ ಇಲ್ಲ."

ಮೇಸ್ತ್ರಕ್ಕ ಸಸಿಯನ್ನು ಇಸಿದುಕೊಂಡು ತಿರುಗಿಸಿ ನೋಡಿದಳು. ಗುಡ್ಡ ಸ್ವಚ್ಛ ಮಾಡುವ ತಂಡಕ್ಕೆ ಅವಳೇ ಹಿರಿಯಳು. ಗಂಡಸರೂ ಅವಳ ಒಂದು ಕೂಗಿಗೆ ಗುದ್ದಲಿ ಎತ್ತುತ್ತಿದ್ದರು. "ಇದು ಬೀಜದಿಂದ ಬಂದ ಗಿಡ ಸರ್. ಕಡಿದ ಬುಡ ಚಿಗುರಿದ್ದಲ್ಲ. ನಮ್ಮವರು ಕಡಿದಿದ್ದರಲ್ಲಿ ಒಂದೇ ಒಂದು ಬುಡ ಚಿಗುರಿದ್ರೂ ತೋರಿಸಿ, ಇವತ್ತೇ ಗುದ್ದಲಿ ಕೆಳಗಿಡ್ತೀನಿ."

"ಬೀಜ ಏನು ಆಕಾಶದಿಂದ ಉದುರುತ್ತಾ?"

"ಹಕ್ಕಿ ತರ್ತಿದೆ. ಎಲ್ಲೋ ಹತ್ತಿರದಲ್ಲೇ ಹಣ್ಣು ತಿಂದ್ಕೊಂಡು ಬರ್ತಿದೆ."

ಅಧಿಕಾರಿ ಬೆವರು ಒರೆಸಿಕೊಂಡು, ಪಕ್ಕದಲ್ಲಿ ನಿಂತಿದ್ದ ಗುಡ್ಡದ ಕಾವಲುಗಾರನ ಕಡೆ ತಿರುಗಿದರು. ಅವರಿಗೆ ಮಂಡಿನೋವು. ಇಲ್ಲಿಯವರೆಗೆ ಹತ್ತಿ ಬಂದದ್ದೇ ದೊಡ್ಡದು. "ನೀವು ಹೇಳಿ. ಆ ದೊಡ್ಡ ಬಂಡೆಯಾಚೆ, ಕೊರಕಲಲ್ಲಿ ಏನಾದ್ರೂ ಉಳಿದಿದೆಯಾ?"

"ಬರೀ ಕಲ್ಲು ಸರ್," ಎಂದ ಕಾವಲುಗಾರ. ಹಿಂದಿನ ವರ್ಷಗಳಲ್ಲೂ ಇದೇ ಮಾತು ಹೇಳಿದ್ದ. ಈಗ ಅದು ಯೋಚನೆಯನ್ನೂ ಬೇಡದೆ ತಾನೇ ಬಾಯಿಂದ ಬಂತು.

ಅಧಿಕಾರಿ ನಿಟ್ಟುಸಿರು ಬಿಟ್ಟರು. "ಮೇಲಿನವರು ನನ್ನ ಕುತ್ತಿಗೆ ಹಿಡಿದಿದ್ದಾರೆ ಮೇಸ್ತ್ರಕ್ಕ. ದುಡ್ಡು ಸುರಿದಲ್ಲೇ ಎಷ್ಟು ಅಂತ ಸುರಿಯೋದು ಅಂತಾರೆ. ಮುಂದಿನ ವರ್ಷದಿಂದ ಈ ಗುಡ್ಡಕ್ಕೆ ಅನುದಾನ ಇಲ್ಲ. ಹೊಳೆಯಾಚೆಯ ಗುಡ್ಡಕ್ಕೆ ಹೋಗುತ್ತೆ. ಅಲ್ಲಿಗೆ ನಿಮ್ಮ ತಂಡವನ್ನೇ ಕಳಿಸ್ಬೇಕು ಅಂತಿದ್ದೆ. ಕಳೆ ಯಾಕೆ ಹೋಗಲಿಲ್ಲ ಅಂತ ಕೇಳಿದ್ದಾರೆ. ಕೆಲಸ ಸರಿ ಆಗಲಿಲ್ಲ ಅಂತ ಬರೀದೆ ನನಗೆ ಬೇರೆ ದಾರಿ ಏನಿದೆ?"

ಮೇಸ್ತ್ರಕ್ಕ ಸಸಿಯನ್ನು ಬೇರು ಮೇಲಾಗಿ ಒಂದು ಕಲ್ಲಿನ ಮೇಲಿಟ್ಟು ಕೆಳಗಿಳಿಯತೊಡಗಿದಳು.

ಕಾವಲುಗಾರನಿಗೆ ಗೇಟಣ್ಣ ಎಂದು ಹೆಸರಿಟ್ಟದ್ದು ಅವಳ ತಂಡದವರೇ. ಗುಡ್ಡದ ಬುಡದಲ್ಲಿ ಒಂದು ಕಬ್ಬಿಣದ ಗೇಟು, ಪಕ್ಕದಲ್ಲಿ ಇಲಾಖೆ ಕಟ್ಟಿಸಿಕೊಟ್ಟ ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಉದ್ದನೆಯ ಜಗಲಿ. ಕಾವಲು ಕಾಯುವಂಥದ್ದು ಅಲ್ಲೇನೂ ಇರಲಿಲ್ಲ. ಲಂಟಾನ ಹಬ್ಬಿ ಮುಳ್ಳು ಹೆಣೆದುಕೊಂಡು ದನ ಕೂಡ ನುಗ್ಗಲಾರದಂತಾದ ಸರ್ಕಾರಿ ಗುಡ್ಡಕ್ಕೆ ಯಾರು ತಾನೇ ಬಂದಾರು? ಆದರೂ ಅವನು ಬೆಳಿಗ್ಗೆ ಗೇಟು ತೆಗೆಯುತ್ತಿದ್ದ, ಸಂಜೆ ಹಾಕುತ್ತಿದ್ದ. ಮದುವೆಯಾದ ಹೊಸತರಲ್ಲಿ ಹೆಂಡತಿ ಇಲ್ಲಿ ಎರಡು ಮಳೆಗಾಲ ಕಳೆದಿದ್ದಳು. ಜಗಳವೇನೂ ಆಗಲಿಲ್ಲ. "ಇಲ್ಲಿ ನಾನು ಆಡಿದ ಮಾತು ನನಗೇ ವಾಪಸ್ ಕೇಳಿಸುತ್ತೆ ರೀ, ಭಯ ಆಗುತ್ತೆ" ಎಂದಿದ್ದಳು ಒಮ್ಮೆ. ತಂಗಿಯ ಹೆರಿಗೆಗೆಂದು ತವರಿಗೆ ಹೋದವಳು ಇನ್ನೊಂದು ವಾರ, ಇನ್ನೊಂದು ತಿಂಗಳು ಎನ್ನುತ್ತ ಹೋಗಿ, ಆಮೇಲೆ ಹಾಗೆನ್ನುವುದನ್ನೂ ಬಿಟ್ಟಳು. ಅವನು ಕರೆತರಲು ಹೋಗಲಿಲ್ಲ. ಸಿಟ್ಟಿನಿಂದಲ್ಲ. ಬಾ ಎಂದು ಒಬ್ಬರನ್ನು ಕರೆಯುವುದು ಅವನಿಗೆ ಎಂದೂ ಬಾರದ ಕೆಲಸ.

ಅನುದಾನ ಬಂದ ಮೊದಲ ವರ್ಷ ಗೇಟಿನ ಮುಂದೆ ಲಾರಿ ನಿಂತಿತು. ಗುದ್ದಲಿ, ಮಚ್ಚು, ಹಾರೆ, ಟಾರ್ಪಾಲು, ಪಾತ್ರೆಯ ಮೂಟೆಗಳಾದ ಮೇಲೆ ಜನ ಇಳಿದರು. ಅಂಗಳದಲ್ಲಿ ಡೇರೆ ಹಾಕಿದರೂ ಸಂಜೆ ಎಲ್ಲರೂ ಜಗಲಿಗೇ ಬರುತ್ತಿದ್ದರು. "ಗೇಟಣ್ಣಾ, ಒಂಚೂರು ಉಪ್ಪಿದೆಯಾ?" "ಗೇಟಣ್ಣಾ, ನಿಮ್ಮ ಸೌಟು ನಮ್ಮ ಪಾತ್ರೆ ಜೊತೆ ಓಡಿಬಂದಿದೆ, ಹುಡುಕ್ಬೇಡಿ." ರೇಡಿಯೋ ಎಂಬ ಅಡ್ಡಹೆಸರಿನ ಒಬ್ಬ ನಡುವಯಸ್ಸಿನವನಿದ್ದ. ಅರ್ಧ ಹಾಡು ಹಾಡಿ ಉಳಿದರ್ಧಕ್ಕೆ ಬಾಯಿಗೆ ಬಂದದ್ದು ಸೇರಿಸುತ್ತಿದ್ದ. "ಇವನ ಹಾಡಿಗೇ ಲಂಟಾನ ಒಣಗುತ್ತೆ, ಮಚ್ಚು ಯಾಕೆ ಹೊತ್ಕೊಂಡು ಬಂದ್ವೋ!" ಎಂದು ಮೇಸ್ತ್ರಕ್ಕ ಹೇಳಿದಾಗ ಜಗಲಿಯೇ ಅಲ್ಲಾಡುವಂತೆ ನಕ್ಕಿದ್ದರು. ಗೇಟಣ್ಣನೂ ನಕ್ಕಿದ್ದ. ತನ್ನ ನಗು ಇಷ್ಟು ಜೋರಾಗಿದೆ ಎಂದು ಅವನಿಗೇ ಆಶ್ಚರ್ಯವಾಗಿತ್ತು.

ಹಗಲಿನಲ್ಲಿ ಅವನು ಅವರಿಗೆ ದಾರಿ ತೋರಿಸುತ್ತಿದ್ದ. ಬುಡದ ಗಂಟಿನ ಕೆಳಗೆ ಕಡಿದು, ಕಿತ್ತು, ಮತ್ತೆ ಬೇರು ಬಿಡದಂತೆ ತಲೆಕೆಳಗು ಮಾಡಿ ಇಡುತ್ತ ಅವರು ಮೇಲೇರಿದಂತೆ ಗುಡ್ಡ ನಿಧಾನವಾಗಿ ಬೆಳಕಿಗೆ ಬಂತು. ಕೊನೆಗೆ ಉಳಿದದ್ದು ಬಂಡೆಯ ಹಿಂದಿನ ಕೊರಕಲು ಮಾತ್ರ. ಅದನ್ನು ತೋರಿಸಬೇಕೆಂದೇ ಅವನು ಹೊರಟಿದ್ದ. ಅಷ್ಟರಲ್ಲಿ ಅಧಿಕಾರಿ, "ಒಳ್ಳೇ ಕೆಲಸ. ಮುಂದಿನ ವರ್ಷ ಏನೂ ಹುಟ್ಟದಿದ್ರೆ ಇವರನ್ನ ಮತ್ತೆ ಕರೆಸೋ ಖರ್ಚೇ ಇಲ್ಲ. ಆ ಬಂಡೆಯಾಚೆ ಏನಿದೆ?" ಎಂದರು. ಕೊರಕಲಿನ ಕಡೆ ಎತ್ತಿದ್ದ ಕೈಯನ್ನು ಗೇಟಣ್ಣ ಕೆಳಗಿಳಿಸಿದ.

"ಬರೀ ಕಲ್ಲು ಸರ್."

ತಂಡದವರು ಹೋದ ಮರುದಿನ ಬೆಳಿಗ್ಗೆ ಟೀ ಮಾಡಲು ನಿಂತವನು ಅಭ್ಯಾಸಬಲದಿಂದ ದೊಡ್ಡ ಪಾತ್ರೆಗೇ ನೀರು ಸುರಿದಿದ್ದ. ಅಷ್ಟನ್ನೂ ಕುದಿಸಿ, ತಾನೊಂದು ಲೋಟ ಕುಡಿದು, ಉಳಿದದ್ದನ್ನು ಮಧ್ಯಾಹ್ನದವರೆಗೆ ಒಲೆಯ ಮೇಲೇ ಬಿಟ್ಟಿದ್ದ. ಮರುವರ್ಷ ಸಸಿ ಹುಟ್ಟಿತು, ಹಣ ಬಂತು, ಲಾರಿ ಬಂತು. ಆ ಸಲ ಅವರು ಬರುವ ಮೊದಲೇ ಅವನು ಮುಳ್ಳುಕೊಂಬೆ ಕಡಿದು ಕೊರಕಲಿನ ದಾರಿಗೆ ಅಡ್ಡ ಹಾಕಿದ್ದ.

ಈ ವರ್ಷ ಅಧಿಕಾರಿ ಸಸಿ ಕಿತ್ತು ತೋರಿಸಿ ಹೋದ ಸಂಜೆ ಜಗಲಿಯಲ್ಲಿ ಹಾಡಿಲ್ಲ. ತಟ್ಟೆಯಲ್ಲಿ ಕೈ ಆಡಿಸುತ್ತ ಕೂತವರೇ ಹೆಚ್ಚು. ಮೇಸ್ತ್ರಕ್ಕ ಮೆಟ್ಟಿಲ ಮೇಲೆ ಕೂತು ಮಚ್ಚು ಮಸೆಯುತ್ತಿದ್ದಳು. ಅದು ಆಗಲೇ ಸಾಕಷ್ಟು ಹರಿತವಾಗಿತ್ತು.

"ನೀವು ದಿನಾ ನಮ್ಮ ಜೊತೆ ಇದ್ರಲ್ಲ ಗೇಟಣ್ಣ. ನಾವು ಎಲ್ಲಾದ್ರೂ ಬುಡ ಬಿಟ್ಟಿದ್ವಾ?"

"ಇಲ್ಲ ಅಕ್ಕ."

"ಅಷ್ಟನ್ನ ಸಾಹೇಬ್ರ ಮುಂದೆ ಹೇಳೋಕೇನಾಗಿತ್ತು ನಿಮಗೆ?" ಅವಳ ದನಿಯಲ್ಲಿ ಸಿಟ್ಟಿಗಿಂತ ಬೇಸರವಿತ್ತು. "ನಮ್ಮಂಥೋರಿಗೆ ಯಾರು ಸರ್ಟಿಫಿಕೇಟ್ ಕೊಡ್ತಾರೆ ಹೇಳಿ. ಆ ತಂಡ ಮಾಡಿದ ಜಾಗದಲ್ಲಿ ಮತ್ತೆ ಹುಟ್ಟಲ್ಲ ಅಂತ ನಾಲ್ಕು ಜನ ಅಂತಾರೆ, ಅದೇ ನಮ್ಮ ಆಸ್ತಿ. ಅದನ್ನೂ ಇಲ್ಲೇ ಕಳ್ಕೊಂಡು ಹೋಗ್ತಿದ್ದೀವಿ."

ಗೇಟಣ್ಣ ಒಳಗೆ ಹೋಗಿ ತೊಳೆದ ಲೋಟವನ್ನೇ ಮತ್ತೆ ತೊಳೆದ.

ಬೆಳಿಗ್ಗೆ ಅವಳು ಬಚ್ಚಲ ಕಲ್ಲಿನ ಬಳಿ ಮುಖ ತೊಳೆಯುತ್ತಿರುವಾಗ ಹೋಗಿ ನಿಂತ. "ಅಕ್ಕ, ಒಂದು ಜಾಗ ತೋರಿಸ್ಬೇಕಿತ್ತು. ನೀವೊಬ್ಬರೇ ಬನ್ನಿ."

ಇಬ್ಬರೂ ಗುಡ್ಡ ಹತ್ತಿದರು. ಬಂಡೆಯನ್ನು ಬಳಸಿ, ಒಣಗಿದ ಮುಳ್ಳುಕೊಂಬೆಗಳನ್ನು ಅವನು ಒಂದೊಂದಾಗಿ ಎಳೆದು ಪಕ್ಕಕ್ಕೆ ಹಾಕಿದ. ಕೊರಕಲು ತುಂಬ ಲಂಟಾನ. ಆಳೆತ್ತರ ಬೆಳೆದು, ಹಳದಿ ಕೆಂಪು ಹೂ ತುಂಬಿ, ಕಪ್ಪು ಹಣ್ಣಿನ ಗೊಂಚಲು ಜೋತುಬಿದ್ದಿತ್ತು. ಒಳಗಿನಿಂದ ಹಕ್ಕಿಗಳು ಬುರ್ರೆಂದು ಎದ್ದು, ಅವಳು ವರ್ಷವರ್ಷವೂ ಬೋಳಿಸುತ್ತಿದ್ದ ಇಳಿಜಾರಿನ ಕಡೆ ಹಾರಿದವು.

ಮೇಸ್ತ್ರಕ್ಕ ಮೊದಲು ಪೊದೆಯನ್ನು ನೋಡಿದಳು. ಆಮೇಲೆ ಅವನು ಪಕ್ಕಕ್ಕೆ ಹಾಕಿದ ಕೊಂಬೆಗಳನ್ನು ನೋಡಿದಳು. ಒಂದನ್ನು ಎತ್ತಿ ಅದರ ತುದಿಯ ಮೇಲೆ ಹೆಬ್ಬೆರಳಾಡಿಸಿದಳು. ಮಚ್ಚಿನಿಂದ ಓರೆಯಾಗಿ ಕಡಿದ ತುದಿ.

"ಇದನ್ನ ಇಲ್ಲಿ ಹಾಕಿದ್ದು ನೀನು."

"ಹೂಂ."

"ಗೊತ್ತಿದ್ದೂ."

ಅವನು ಹೌದೆಂದು ತಲೆಯಾಡಿಸಿದ.

"ಯಾಕೋ ಪುಣ್ಯಾತ್ಮ? ನಾವು ನಿನಗೇನು ಮಾಡಿದ್ವಿ? ಮೈ ಮುರಿದು ದುಡಿದೋರ ಕಣ್ಣಿಗೇ ಮಣ್ಣೆರಚೋದಾ?" ಕೊಂಬೆಯನ್ನು ಅವಳು ಅವನ ಕಾಲ ಬಳಿ ಎಸೆದಳು. "ನಿನ್ನೆ ಅಷ್ಟು ಮಾತು ಕೇಳ್ದೆ ನಾನು. ಪಕ್ಕದಲ್ಲೇ ನಿಂತಿದ್ದೆಯಲ್ಲೋ ನೀನು!"

ಗೇಟಣ್ಣ ಯಾರಿಗೋ ದಾರಿ ಹೇಳುವವನಂತೆ ಗೇಟಿನ ಕಡೆ ಕೈ ಮಾಡಿ, "ನೀವು ಹೋದ್ಮೇಲೆ ಇಲ್ಲಿ ಯಾರೂ ಇರಲ್ಲ ಅಕ್ಕ," ಎಂದ.

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಹತ್ತಿರದ ಕಲ್ಲಿನ ಮೇಲೆ ಕೂತುಬಿಟ್ಟಳು. ಕೆಳಗೆ ಅಂಗಳದಲ್ಲಿ ಯಾರೋ ತಟ್ಟೆ ಬಡಿದು ಎಲ್ಲರನ್ನೂ ತಿಂಡಿಗೆ ಕರೆಯುತ್ತಿದ್ದರು.

"ಕೇಳ್ಬಹುದಿತ್ತು," ಎಂದಳು. "ಕೆಲಸ ಇಲ್ಲದಾಗ್ಲೂ ಒಂದ್ಸಲ ಬನ್ನಿ ಅಂತ. ಬರ್ತಿದ್ವೋ ಇಲ್ವೋ ನನಗೂ ಗೊತ್ತಿಲ್ಲ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಕೇಳ್ಬಹುದಿತ್ತು."

ಅವತ್ತೇ ಅವನು ಬಸ್ಸು ಹಿಡಿದು ಕಚೇರಿಗೆ ಹೋದ. ಬೈಗುಳಕ್ಕೆ ಸಿದ್ಧನಾಗಿಯೇ ಹೋಗಿದ್ದ. ಅಧಿಕಾರಿ ಬೈಯಲಿಲ್ಲ. ಮೇಜಿನ ಕೆಳಗೆ ಮಂಡಿ ನೀವಿಕೊಳ್ಳುತ್ತ ಎಲ್ಲವನ್ನೂ ಕೇಳಿ, "ನನ್ನ ಕಾಲಿನ ಮೇಲೆ ನಂಬಿಕೆ ಇಲ್ದೆ ನಿಮ್ಮ ಕಾಲು ನಂಬಿದ್ದೆ," ಎಂದರು. ಅಷ್ಟೇ. ಆಮೇಲೆ ಕನ್ನಡಕ ಹಾಕಿಕೊಂಡು ಬೇರೆ ಕಡತ ಎಳೆದುಕೊಂಡರು. ಬಾಗಿಲವರೆಗೆ ಬಂದಾಗ ಹಿಂದಿನಿಂದ ಹೇಳಿದರು: "ತಂಡದ ತಪ್ಪಿಲ್ಲ ಅಂತ ಬರೀತೀನಿ. ನಿಮಗೆ ನೋಟೀಸು ಬರುತ್ತೆ. ಕೊರಕಲನ್ನ ಈ ಸಲವೇ ಮುಗಿಸೋಕೆ ಹೇಳಿ. ಆಮೇಲೆ ಹುಟ್ಟೋ ಸಸಿ ಕೀಳೋಕೆ ಯಾರೂ ಬರಲ್ಲ, ದುಡ್ಡೂ ಬರಲ್ಲ. ನೀವೇ ನೋಡ್ಕೊಳ್ಳಿ."

ಕೊರಕಲಿನ ಕೆಲಸ ಬೇಗ ಮುಗಿಯಿತು. ಆ ದಿನಗಳಲ್ಲಿ ತಂಡದವರು ಡೇರೆಯ ಮುಂದೆಯೇ ಕಲ್ಲು ಹೂಡಿ ಅಡುಗೆ ಮಾಡಿಕೊಂಡರು. ಯಾರೂ ಅವನನ್ನು ಹಳಿಯಲಿಲ್ಲ. ಉಪ್ಪು ಕೇಳಲೂ ಬರಲಿಲ್ಲ. ಎದುರಾದರೆ ರೇಡಿಯೋ ಕೂಡ, "ಊಟ ಆಯ್ತಾ?" ಎಂದು ಹೊಸಬರನ್ನು ಮಾತಾಡಿಸುವಂತೆ ಮಾತಾಡಿಸಿ ದಾಟಿಹೋಗುತ್ತಿದ್ದ. ಗೇಟಣ್ಣ ಸಂಜೆ ಜಗಲಿ ಗುಡಿಸಿ, ಒಂದು ಕಂಬಕ್ಕೆ ಒರಗಿ, ಅಂಗಳದ ಬೆಂಕಿಯ ಸುತ್ತ ಕೂತವರ ಬೆನ್ನುಗಳನ್ನು ನೋಡುತ್ತಿದ್ದ. ಬೆನ್ನು ನೋಡಿಯೇ ಯಾರು ಯಾರೆಂದು ಹೇಳಬಲ್ಲವನಾಗಿದ್ದ.

ಹೊರಡುವ ದಿನ ಲಾರಿ ತುಂಬಿದ ಮೇಲೆ ಮೇಸ್ತ್ರಕ್ಕ ಅವನ ಬಾಗಿಲಿಗೆ ಬಂದು ಒಂದು ಪಾತ್ರೆ ಇಟ್ಟಳು. "ನಿಮ್ಮದು. ನಮ್ಮ ಮೂಟೇಲಿ ಸೇರ್ಕೊಂಡಿತ್ತು." ಮತ್ತೆ 'ನೀವು' ಎನ್ನತೊಡಗಿದ್ದಳು.

"ಅಕ್ಕಾ..."

"ಏನು?"

ಅವನು ಗೋಡೆಯ ಮೊಳೆಯಿಂದ ಕೀಲಿ ತೆಗೆದುಕೊಂಡ. "ಗೇಟು ತೆಗೀತೀನಿ," ಎಂದ.

ಮಳೆ ಬಂತು. ಮಳೆಯ ಜೊತೆ ಸಸಿಗಳೂ ಬಂದವು. ಗೇಟಣ್ಣ ಬೆಳಿಗ್ಗೆ ಒಂದು ಚೀಲ ಹೆಗಲಿಗೆ ಹಾಕಿಕೊಂಡು ಗುಡ್ಡದ ಒಂದು ಮಗ್ಗುಲು, ಮಧ್ಯಾಹ್ನ ಇನ್ನೊಂದು ಮಗ್ಗುಲು ಹಿಡಿದು ಬಗ್ಗಿ ಬಗ್ಗಿ ಕಿತ್ತ. ಸೊಂಟ ಹಿಡಿದುಕೊಂಡಾಗ ಕೂತು ಕಿತ್ತ. ಕೊರಕಲಿನಲ್ಲಂತೂ ಮಣ್ಣು ಕಾಣದಷ್ಟು ಹುಟ್ಟಿದ್ದವು. ಅಲ್ಲಿ ಕೂತಾಗ ಅವನು ಕೆಲವೊಮ್ಮೆ ಜೋರಾಗಿ ಮಾತಾಡುತ್ತಿದ್ದ, "ಬನ್ನಿ ಅಕ್ಕ, ಈ ಕಡೆ ಇನ್ನೂ ಇದೆ ನೋಡಿ." ಬಂಡೆಗೆ ಬಡಿದು ತನ್ನ ದನಿ ವಾಪಸ್ ಬಂದಾಗ ಸುಮ್ಮನಾಗುತ್ತಿದ್ದ. ಮಳೆ ನಿಲ್ಲುವ ಹೊತ್ತಿಗೆ ಇಳಿಜಾರಿನಲ್ಲಿ ಹುಲ್ಲು ಮೊಣಕಾಲೆತ್ತರ ಎದ್ದಿತು. ಅದಕ್ಕೊಂದು ಸಣ್ಣ ಬಿಳಿ ಹೂವಿತ್ತು. ಇಷ್ಟು ವರ್ಷ ಈ ಗುಡ್ಡದಲ್ಲಿದ್ದೂ ಅವನು ಅದನ್ನು ಕಂಡಿರಲಿಲ್ಲ. ತೋರಿಸೋಣವೆಂದರೆ ಹತ್ತಿರದಲ್ಲಿ ಯಾರೂ ಇರಲಿಲ್ಲ.

ಚಳಿಗಾಲ ಕಳೆದ ಮೇಲೆ ಅವನು ಕಚೇರಿಗೆ ಹೋಗಿ ರಜೆ ಕೇಳಿದ. ಗುಮಾಸ್ತ ತಲೆ ಎತ್ತಿ ನೋಡಿ, "ನಿಮಗೂ ಹೋಗೋಕೆ ಒಂದು ಊರಿದೆಯಾ?" ಎಂದು ನಕ್ಕ. ಗೇಟಣ್ಣನೂ ನಗಲು ನೋಡಿದ. ಮರುದಿನ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೇಸ್ತ್ರಕ್ಕನ ತಂಡವಿದ್ದ ಹೊಳೆಯಾಚೆಯ ಗುಡ್ಡದ ಕಡೆಗೆ ಹೋಗುವ ಬಸ್ಸು ಹತ್ತಿದ.

ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡ. ಇಲ್ಲೇ ಹತ್ತಿರ ಕೆಲಸವಿತ್ತು ಎನ್ನಬೇಕೆಂದುಕೊಂಡ. ಅದು ಮತ್ತೊಂದು ಸುಳ್ಳಾಗುತ್ತದೆಂದು ಬಿಟ್ಟ. ಹುಲ್ಲು ಬಂದಿದೆ, ಒಂದೂ ಸಸಿ ಉಳಿದಿಲ್ಲ, ಬಂದು ನೋಡಿ ಎನ್ನಬೇಕು. ಅದೇ ಸರಿ. ಆದರೆ ಬಸ್ಸಿಳಿದು ಮಣ್ಣು ರಸ್ತೆಯಲ್ಲಿ ನಡೆದು ಆ ಗುಡ್ಡದ ಕೆಳಗೆ ನಿಂತಾಗ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು.

ಗುಡ್ಡದ ಅರ್ಧ ಇನ್ನೂ ಲಂಟಾನದಲ್ಲಿ ಮುಳುಗಿತ್ತು, ಇನ್ನರ್ಧ ಕೆಂಪಗೆ ತೆರೆದುಕೊಂಡಿತ್ತು. ಅವೆರಡೂ ಸೇರುವಲ್ಲಿ ಮನುಷ್ಯರು ಬಣ್ಣದ ಚುಕ್ಕೆಗಳಂತೆ ಸಾಲಾಗಿ ಬಗ್ಗಿದ್ದರು. ಗೇಟಣ್ಣ ಬಾಯಿಗೆ ಕೈ ಅಡ್ಡ ಹಿಡಿದು, "ಅಕ್ಕಾ!" ಎಂದ. ದನಿ ಕೆಮ್ಮಿನಂತೆ ಹೊರಟು ಅಲ್ಲೇ ಬಿತ್ತು. ಗಂಟಲು ಸರಿಮಾಡಿಕೊಂಡು, ಹೊಟ್ಟೆಯಿಂದ ಉಸಿರೆಳೆದು, ಮತ್ತೊಮ್ಮೆ ಕೂಗಿದ.

ಸಾಲಿನ ತುದಿಯಲ್ಲಿ ಒಬ್ಬಳು ನೆಟ್ಟಗಾದಳು. ಹಣೆಗೆ ಕೈ ಅಡ್ಡ ಹಿಡಿದು ಕೆಳಗೆ ನೋಡಿದಳು. ಆಮೇಲೆ ತೋಳು ಎತ್ತಿ ಬೀಸಿದಳು. ಬಾ ಎಂದಳೋ, ಕಲ್ಲು ಉರುಳುತ್ತೆ ಪಕ್ಕಕ್ಕೆ ನಿಲ್ಲು ಎಂದಳೋ, ಅಷ್ಟು ದೂರದಿಂದ ತಿಳಿಯಲಿಲ್ಲ. ಗೇಟಣ್ಣ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡುತ್ತ ನಿಂತ. ಮೇಲಿನಿಂದ ಒಂದಿಷ್ಟು ಸಡಿಲ ಮಣ್ಣು ಜಾರಿ ಬಂದು ಅವನ ಚಪ್ಪಲಿಯ ಮುಂದೆ ನಿಂತಿತು.