ಕಂಪನಿ ಕೊಡುತ್ತದೆ

"ನಿಮ್ಮ ಬೈಕಿಗೆ ಏನಾಗಿದೆ ಮೇಡಂ?" ಎಂದು ಫೋನಿನ ಆಚೆಯ ವಿಮಾ ಕಂಪನಿಯ ಹುಡುಗಿ ಕೇಳಿದಳು.

ಸೌಮ್ಯಶ್ರೀ ಕುಂದಾಪುರದ ಆಸ್ಪತ್ರೆಯ ಎರಡನೇ ಮಹಡಿಯ ವರಾಂಡದಲ್ಲಿ, ಕಿಟಕಿಗೆ ಒತ್ತಿಕೊಂಡು ನಿಂತಿದ್ದಳು. ಇಪ್ಪತ್ತು ನಿಮಿಷ ಅದೇ ಸಂಗೀತವನ್ನು ಮತ್ತೆ ಮತ್ತೆ ಕೇಳಿಸಿಕೊಂಡ ಮೇಲೆ ಸಿಕ್ಕಿದ ಮನುಷ್ಯರ ದನಿ ಅದು. ಬೈಕಲ್ಲ, ಗೂಡ್ಸ್ ರಿಕ್ಷಾ ಎಂದಳು. ಎದುರಿನ ಗಾಜು ಒಡೆದಿದೆ, ನೋಡಿಹೋಗಲು ನಿಮ್ಮ ಕಡೆಯ ಜನ ಯಾವತ್ತು ಬರುತ್ತಾರೆ ಎಂದು ಕೇಳಿದಳು. ಆ ಕಡೆ ಕೀಲಿಗಳು ಟಕಟಕ ಸದ್ದು ಮಾಡಿ ನಿಂತವು. ಹುಡುಗಿ ಗಾಡಿಯ ನಂಬರನ್ನು ಇನ್ನೊಮ್ಮೆ ಓದಿಸಿಕೊಂಡಳು. ನಂಬರು ಸರಿಯಿದೆ, ಹೆಸರೂ ಯತೀಶ್ ಅಂತಲೇ ಇದೆ, ಆದರೆ ಈ ಪಾಲಿಸಿ ಟೂವೀಲರ್‌ನದು ಎಂದಳು. ಕೈಯಲ್ಲಿದ್ದ ಪ್ರಿಂಟಿನಲ್ಲಿ ಸರಕು ಸಾಗಣೆ ವಾಹನ ಎಂದು ಸ್ಪಷ್ಟವಾಗಿ ಬರೆದಿದೆಯಲ್ಲ ಎಂದಳು ಸೌಮ್ಯಶ್ರೀ. ಹುಡುಗಿ ಮತ್ತೊಮ್ಮೆ ಕೀಲಿಗಳನ್ನು ಒತ್ತಿದಳು. ಆಮೇಲೆ ದನಿ ಬದಲಾಯಿತು.

"ಹಾಗಾದರೆ ನಿಮ್ಮ ಹತ್ತಿರ ಇರೋದು ತಿದ್ದಿರೋ ಕಾಪಿ ಮೇಡಂ. ಅದನ್ನ ಎಲ್ಲಾದರೂ ಕೊಟ್ಟಿದ್ದೀರಾ?"

ಕೊಟ್ಟಿದ್ದಳು. ಹನ್ನೆರಡು ದಿನದ ಹಿಂದೆ, ಪೊಲೀಸ್ ಠಾಣೆಯಲ್ಲಿ, ತಾನೇ ಜೆರಾಕ್ಸ್ ಮಾಡಿಸಿ, ಕೆಳಗೆ ಗಂಡ ಯತೀಶ್‌ನ ಸಹಿ ಹಾಕಿಸಿ. ಆದರೆ ಫೋನಿನಲ್ಲಿ ಇಲ್ಲ ಎಂದಳು. ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ. ಕರೆ ಕತ್ತರಿಸಿದ ಮೇಲೆ, ಇಂಥ ಕರೆಗಳನ್ನೆಲ್ಲ ದಾಖಲು ಮಾಡಿಕೊಳ್ಳುತ್ತಾರೆ ಎಂದು ಮೊದಲೇ ಹೇಳಿದ್ದು ನೆನಪಾಯಿತು.

ಬೆನ್ನ ಹಿಂದೆ ವಾರ್ಡಿನ ಬಾಗಿಲಲ್ಲಿ, ಯತೀಶ್‌ನ ಗಾಡಿಗೆ ಸಿಕ್ಕಿ ಒಳಗೆ ಮಲಗಿದ್ದ ಬಚ್ಚನ ಹೆಂಡತಿ ಗೋಪಿ ಬಂದು ನಿಂತಿದ್ದಳು. ಕೈಯಲ್ಲಿ ತೊಳೆದು ಒರೆಸಿದ ಊಟದ ಕ್ಯಾರಿಯರ್. "ಸಾರ್ ಲಾಯ್ಕ್ ಇದ್ದಿತ್, ಸೌಮ್ಯಮ್ಮ. ಇವ್ರ್ ಎರಡ್ ಸಲ ಹಾಯ್ಸ್ಕಂಡ್ ಉಂಡ್ರ್," ಎಂದು ನಕ್ಕಳು. ಮೇಲಿನ ಡಬ್ಬಿಯಲ್ಲಿ ಏನೋ ಇಟ್ಟಿದ್ದಳು; ದಿನವೂ ಇಡುತ್ತಿದ್ದಳು. ಪಾತ್ರೆಯನ್ನು ಖಾಲಿ ಮರಳಿಸುವುದು ಅವಳಿಗೆ ಆಗದು. ಒಂದು ದಿನ ಮಗಳು ಮನೆಯಿಂದ ತಂದ ನಾಲ್ಕು ಅಬ್ಬಲಿಗೆ ಹೂ, ಒಂದು ದಿನ ಎರಡು ನಿಂಬೆಹಣ್ಣು, ಏನೂ ಇಲ್ಲದ ದಿನ ಆಸ್ಪತ್ರೆಯವರು ಕೊಟ್ಟ ಬಿಸ್ಕೆಟಿನಲ್ಲಿ ಎರಡು.

ಸೌಮ್ಯಶ್ರೀ ಕ್ಯಾರಿಯರ್ ತೆಗೆದುಕೊಂಡು ನಾಳೆ ಬರುತ್ತೇನೆ ಎಂದಳು.

ಅಪಘಾತ ಆದದ್ದು ಕೋಟೇಶ್ವರದ ಹತ್ತಿರ, ಹೆದ್ದಾರಿಯ ನಡುವಿನ ಕಟ್ಟೆ ತೆರೆದಿರುವ ಕಡೆ. ಯತೀಶ್ ಮದುವೆ ಮನೆಯೊಂದರಿಂದ ಬಾಡಿಗೆ ಕುರ್ಚಿಗಳನ್ನು ತುಂಬಿಕೊಂಡು ಬರುತ್ತಿದ್ದ. ತೆಂಗಿನಕಾಯಿ ಕೀಳುವ ಬಚ್ಚ ರಸ್ತೆ ದಾಟಲು ಕಾಲಿಟ್ಟ. ತೊಡೆಯ ಎಲುಬು, ಸೊಂಟ ಎರಡೂ ಹೋದವು. ಆರು ತಿಂಗಳಲ್ಲಿ ಕೋಲು ಹಿಡಿದು ನಡೆಯಬಹುದು, ಮರ ಹತ್ತುವ ಮಾತು ಇನ್ನಿಲ್ಲ ಎಂದು ಡಾಕ್ಟರು ಹೇಳಿದ್ದರು. ಯತೀಶ್ ಓಡಿಹೋಗಲಿಲ್ಲ. ಕುರ್ಚಿಗಳನ್ನು ರಸ್ತೆ ಬದಿಗೆ ಇಳಿಸಿ, ಅದೇ ಗಾಡಿಯಲ್ಲಿ ಬಚ್ಚನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ತಂದಿದ್ದ. ಪ್ರಜ್ಞೆ ಬಂದ ಬಚ್ಚ ಮೊದಲು ಆಡಿದ ಮಾತು, "ತಪ್ಪ್ ನಂದೇ ಮಾರಾಯ. ಆಚೀಚಿ ಕಾಣ್ದೇ ಕಾಲ್ ಹಾಕ್ದೆ." ಅಂದಿನಿಂದ ಯಾರೇ ನೋಡಲು ಬರಲಿ, ಅದನ್ನೇ ಹೇಳುತ್ತಿದ್ದ. ಗೋಪಿ ಗದರುತ್ತಿದ್ದಳು. "ಸುಮ್ಮನ್ ಮನಿಕಣಿ ಕಾಂಬ. ಲಾಯರ್ರ್ ಎಂತ ಹೇಳಿರ್? ಹೀಂಗೇ ಬಾಯಿ ಬಿಟ್ರೆ ಕಾಲೂ ಹೋತ್, ಪರಿಹಾರವೂ ಹೋತ್." ಆಗ ನಾಲ್ವರೂ ನಗುತ್ತಿದ್ದರು. ಸೌಮ್ಯಶ್ರೀಯೂ ನಗುತ್ತಿದ್ದಳು.

ಬಚ್ಚನ ಕಡೆಯ ಲಾಯರು ಮೂರನೆಯ ದಿನವೇ ಬಂದಿದ್ದರು. ಚಿಕ್ಕ ವಯಸ್ಸು, ನಯವಾದ ಮಾತು. ಗಾಡಿ ವೇಗವಾಗಿತ್ತು, ತಪ್ಪು ನನ್ನದು ಎಂದು ಯತೀಶ್ ಠಾಣೆಯಲ್ಲಿ ಒಪ್ಪಿಕೊಂಡರೆ ಬಚ್ಚನ ಕೇಸು ಗಟ್ಟಿಯಾಗುತ್ತದೆ, ಯತೀಶ್‌ಗೆ ಸಣ್ಣ ದಂಡ ಬಿಟ್ಟರೆ ಏನೂ ಇಲ್ಲ, ಉಳಿದದ್ದನ್ನು ಕಂಪನಿ ಕೊಡುತ್ತದೆ ಎಂದು ವಿವರಿಸಿದರು. ಈ ಕಡೆ ಎಲ್ಲರೂ ಮಾಡುವುದು ಹಾಗೆಯೇ. ಪಾಪದವರಿಗೆ ಒಂದು ದಾರಿಯಾಗುತ್ತದಲ್ಲ ಎಂದು ಯತೀಶ್ ಒಪ್ಪಿದ. ಹೇಳಿಕೆಯನ್ನು ಸೌಮ್ಯಶ್ರೀಯೇ ಓದಿ, ಎರಡು ಕಡೆ ಶಬ್ದ ಸರಿಮಾಡಿಸಿ, ಸಹಿ ಹಾಕಿಸಿದ್ದಳು. ಆ ದಿನ ಗೋಪಿ ಅವಳ ಕೈ ಹಿಡಿದುಕೊಂಡು ಮನೆಯ ಸುದ್ದಿಯನ್ನೆಲ್ಲ ವಿಚಾರಿಸಿದಳು. ಮಕ್ಕಳೆಷ್ಟು, ಅತ್ತೆ ಇದ್ದಾರಾ, ಮನೆ ಸ್ವಂತದ್ದಾ. ಸ್ವಂತದ್ದೇ, ಸಾಲಿಗ್ರಾಮದಲ್ಲಿ ಆರು ಸೆಂಟ್ಸ್, ಹೋದ ವರ್ಷ ತಾರಸಿ ಹಾಕಿಸಿದೆವು ಎಂದು ಸೌಮ್ಯಶ್ರೀ ಸಂತೋಷದಿಂದಲೇ ಹೇಳಿದ್ದಳು.

ಆಸ್ಪತ್ರೆಯಿಂದ ಹೊರಬಂದವಳು ಮನೆಗೆ ಹೋಗಲಿಲ್ಲ. ಬಸ್ಸಿನಲ್ಲಿ ಸಾಲಿಗ್ರಾಮ ಬಂದರೂ ಇಳಿಯದೆ ನೇರ ಬ್ರಹ್ಮಾವರಕ್ಕೆ ಹೋದಳು. ಪಾಲಿಸಿ ಮಾಡಿಸಿಕೊಟ್ಟ ರತನ್‌ನ ಅಂಗಡಿ ಅಲ್ಲಿ, ಹೊಗೆ ತಪಾಸಣೆಯ ವ್ಯಾನ್ ನಿಲ್ಲುವ ಜಾಗದ ಪಕ್ಕದಲ್ಲಿತ್ತು. ಅವನು ಅವಳ ಕಾಲೇಜಿನ ಗೆಳತಿಯ ತಮ್ಮ. ಯತೀಶ್‌ಗೆ ಇಂಥದ್ದೆಲ್ಲ ನೆನಪಿರುವುದಿಲ್ಲವೆಂದು ಗಾಡಿಯ ಕಾಗದಗಳನ್ನು ನೋಡಿಕೊಳ್ಳುವವಳು ಅವಳೇ. ಹಣವನ್ನು ಪೂರ್ತಿ ಕೊಟ್ಟಿದ್ದಳು. ಕೊಟ್ಟು ಸುಮ್ಮನೆ ಕೂರದೆ ಮನೆಗೆ ಬಂದು ಸರ್ಕಾರದ ಆಪ್‌ನಲ್ಲಿ ಗಾಡಿಯ ನಂಬರು ಹೊಡೆದು ನೋಡಿದ್ದಳು. ವಿಮೆ ಇದೆ ಎಂದು ಹಸಿರು ಗುರುತು ಬಂದಿತ್ತು. ರತನ್ ಬೈಕಿನ ಹೆಸರಿನಲ್ಲಿ ಕಂಪನಿಗೆ ಚಿಕ್ಕ ಮೊತ್ತ ಕಟ್ಟಿ, ಗಾಡಿಯ ನಂಬರನ್ನೇ ಕೊಟ್ಟು, ಬಂದ ಕಾಗದವನ್ನು ತಿದ್ದಿ ಪ್ರಿಂಟ್ ತೆಗೆದುಕೊಡಬಹುದು ಎಂದು ಅವಳಿಗೆ ಹೊಳೆಯುವುದಾದರೂ ಹೇಗೆ?

ಅಂಗಡಿಯ ಶಟರ್ ಎಳೆದಿತ್ತು. ಫೋನು ಸ್ವಿಚ್ ಆಫ್. ಪಕ್ಕದ ಹಣ್ಣಿನಂಗಡಿಯ ಹೆಂಗಸು ಅವಳ ಕೈಯಲ್ಲಿದ್ದ ಕಾಗದ ನೋಡಿಯೇ ವಿಷಯ ಊಹಿಸಿದಳು. ಈ ವಾರದಲ್ಲಿ ಹೀಗೆ ಕಾಗದ ಹಿಡಿದುಕೊಂಡು ಬಂದವರಲ್ಲಿ ನೀವು ಐದನೆಯವರು ಎಂದಳು. ಸೌಮ್ಯಶ್ರೀ ಸುತ್ತ ನೋಡಿ ಕಾಗದವನ್ನು ಚೀಲದೊಳಗೆ ತುರುಕಿದಳು. ರಸ್ತೆಯಾಚೆ ನಿಂತಿದ್ದ ಟ್ರಾಫಿಕ್ ಪೊಲೀಸಿನವನು ತನ್ನನ್ನೇ ನೋಡುತ್ತಿದ್ದಾನೆ ಅನ್ನಿಸಿತು.

ಅವಳ ಅಣ್ಣ ಭೋಜರಾಜ ಅದೇ ಪೇಟೆಯಲ್ಲಿ ದಸ್ತಾವೇಜು ಬರೆಯುವವರ ಕಚೇರಿಯಲ್ಲಿ ಕೆಲಸಕ್ಕಿದ್ದ. ವಿಷಯ ತಿಳಿದು ಸಂಜೆ ಅವನೇ ಮನೆಗೆ ಬಂದ. ಯತೀಶ್ ಅಂಗಳದ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳಿದ. ಕಂಪನಿ ಕೈ ಎತ್ತಿದರೆ ಪರಿಹಾರವನ್ನು ಗಾಡಿಯ ಮಾಲೀಕನೇ ಕೊಡಬೇಕು, ಕೊಡಲಾಗದಿದ್ದರೆ ಕೋರ್ಟು ಮನೆ ಜಪ್ತಿಗೆ ಬರುತ್ತದೆ ಎಂದು ಭೋಜರಾಜ ಹೇಳಿದಾಗ, ಅವನು ತಲೆಯೆತ್ತಿ ತಾರಸಿಯತ್ತ ನೋಡಿದ.

"ನಾನ್ ಸೈನ್ ಹಾಕಿ ಆಯ್ತಲೆ," ಎಂದಷ್ಟೇ ಹೇಳಿದ.

ಅದಕ್ಕೂ ದಾರಿ ಭೋಜರಾಜನ ಬಳಿ ಇತ್ತು. ಅವನು ತಂಗಿಯ ಕಡೆ ತಿರುಗಿ ದನಿ ತಗ್ಗಿಸಿದ. "ಲಾಯರ್ರ್ ಕೇಸ್ ಹಾಕಿ ಸಮನ್ಸ್ ಬಪ್ಪುಕೆ ತಿಂಗ್ಳ್‌ಗಟ್ಲೆ ಆತ್ತ್. ಅಷ್ಟ್ರೊಳಗೆ ಮನಿ ನಮ್ಮ್ ಅಮ್ಮನ ಹೆಸ್ರಿಗ್ ಮಾಡುವ. ನೀನ್ ಊಟ ಕೊಂಡ್ಹೋಪುದ್ ಮಾತ್ರ ನಿಲ್ಸಬೇಡ ಹೆಣೆ. ನಿಲ್ಸಿರೆ ಅವ್ರಿಗ್ ಡೌಟ್ ಬತ್ತ್."

ಬೆಳಿಗ್ಗೆ ಎದ್ದು ಸೌಮ್ಯಶ್ರೀ ಅಕ್ಕಿ ತೊಳೆದಳು. ಬಂಗುಡೆ ಮೀನು ಕೊಯ್ದಳು. ಕಾಯಿ ತುರಿದು ಮೆಣಸು ಹುರಿದು ಅರೆದಳು. ಎಲ್ಲ ನಿನ್ನೆಯ ಹಾಗೆಯೇ ಇತ್ತು. ಆದರೆ ಉಪ್ಪು ಹಾಕುವಾಗ ಕೈ ತಡೆಯಿತು. ನಿನ್ನೆಯವರೆಗೆ ಈ ಊಟ ಬೇರೆಯಾಗಿತ್ತು. ಇವತ್ತು ಇದನ್ನು ಅಣ್ಣ ಕಳಿಸುತ್ತಿದ್ದಾನೆ. ನಾಳೆಯೂ, ನಾಡಿದ್ದೂ, ರಿಜಿಸ್ಟ್ರಿ ಮುಗಿಯುವ ತನಕ ಹೀಗೆಯೇ ಸಾರು ಕುದಿಸಬೇಕು. ಗೋಪಿ ನಗುತ್ತ ಡಬ್ಬಿ ತೊಳೆದು ನಿಂಬೆಹಣ್ಣು ಇಡುತ್ತಾಳೆ.

ಕಂಪನಿಯ ವಿಷಯವನ್ನು ಆಸ್ಪತ್ರೆಯಲ್ಲಿ ಹೇಳಿಬಿಡಬೇಕೆಂದಿರುವುದನ್ನು ಗಂಡನಿಗೆ ಹೇಳಲಿಲ್ಲ. ಬಸ್ಸಿನಲ್ಲಿ ಹೋಗುತ್ತ ಒಂದೇ ಒಂದು ಲೆಕ್ಕಾಚಾರ ಅವಳನ್ನು ಹಿಡಿದು ನಿಲ್ಲಿಸಿತ್ತು. ಲಾಯರು ಇನ್ನೂ ಕೇಸು ಹಾಕಿಲ್ಲ. ಕಂಪನಿ ಇಲ್ಲವೆಂದು ತಿಳಿದರೆ ಬಚ್ಚ ತಪ್ಪು ನಂದೇ ಎಂಬ ಮಾತನ್ನು ಲಾಯರಿಗೂ ಹೇಳಿಯಾನು. ಎಲ್ಲರೆದುರು ಹೇಳಿದವನು ಅಲ್ಲವೇ? ಪೂರ್ತಿ ತಪ್ಪಿಸಿಕೊಳ್ಳಬೇಕೆಂದು ಅವಳಿಗಿರಲಿಲ್ಲ. ಕೈಲಾದದ್ದನ್ನು ಕೊಡಬಹುದು, ಊಟ ಕೊಡಬಹುದು, ಬಚ್ಚನ ಮಗಳು ಪ್ರೇಕ್ಷಾಳ ಓದಿಗೆ ಬೆಂಬಲವಾಗಿ ನಿಲ್ಲಬಹುದು. ಮನೆ ಉಳಿದರೆ ಸಾಕು.

ಬಚ್ಚ ದಿಂಬಿಗೆ ಒರಗಿ ಕುಳಿತಿದ್ದ. ಕಾಲಿಗೆ ಕಟ್ಟಿದ ತೂಕ ಮಂಚದ ತುದಿಯಲ್ಲಿ ನೇತಾಡುತ್ತಿತ್ತು. ಪಕ್ಕದ ಮಂಚಕ್ಕೆ ಹೊಸದಾಗಿ ಬಂದವರೊಡನೆ ತನ್ನ ಕಥೆ ಹೇಳುತ್ತಿದ್ದವನು ಅವಳನ್ನು ನೋಡಿ, "ಕಾಣಿ, ಅನ್ನ ಹಾಕುವ ಅಮ್ಮ ಬಂದ್ರ್. ತಪ್ಪ್ ನಂದ್, ಉಂಬುದ್ ಇವ್ರ್ ಮನಿದ್," ಎಂದು ನಗಿಸಿದ. ಉಂಡು ಮುಗಿಯುವವರೆಗೆ ಅವಳು ಕಾದಳು. ಗೋಪಿ ತಟ್ಟೆ ಎತ್ತುವಾಗ, ಹೇಳಿಬಿಟ್ಟಳು.

"ಗೋಪಿಯಕ್ಕ, ಕಂಪನಿ ಕೊಡುದಿಲ್ಲೆ."

ಗೋಪಿಗೆ ಅರ್ಥವಾಗಲಿಲ್ಲ. ಸೌಮ್ಯಶ್ರೀ ಮೊದಲಿನಿಂದ ಹೇಳಿದಳು. ರತನ್, ಬೈಕು, ತಿದ್ದಿದ ಕಾಗದ, ಎಳೆದ ಶಟರ್. ತಾನು ಹಣ ಪೂರ್ತಿ ಕೊಟ್ಟಿದ್ದನ್ನು ಎರಡು ಸಲ ಹೇಳಿದಳು. ಅಣ್ಣನ ಮಾತನ್ನು ಹೇಳಲಿಲ್ಲ. ಗೋಪಿ ತಟ್ಟೆಯನ್ನು ಹಿಡಿದುಕೊಂಡೇ ಕೇಳಿದಳು. ಸಾರಿನ ಹನಿಯೊಂದು ತಟ್ಟೆಯ ಅಂಚಿನಿಂದ ಅವಳ ಪಾದದ ಮೇಲೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ.

"ಹಂಗಾರೆ ಯಾರ್ ಕೊಡುದ್?" ಎಂದಳು ಕೊನೆಗೆ.

ಸೌಮ್ಯಶ್ರೀ ಬಚ್ಚನ ಕಡೆ ನೋಡಿದಳು. ಅವನು ಈಗ ಹೇಳುತ್ತಾನೆ ಎಂದುಕೊಂಡಳು. ಪಕ್ಕದ ಮಂಚದವರೂ ಮಾತು ನಿಲ್ಲಿಸಿ ಅವನ ಕಡೆ ನೋಡುತ್ತಿದ್ದರು. ಬಚ್ಚ ತೂಕ ಕಟ್ಟಿದ ತನ್ನ ಕಾಲನ್ನು ನೋಡಿದ. ಮೊಣಕಾಲಿನ ಮೇಲೆ ಅಂಗೈ ಇಟ್ಟು, ಮರವೊಂದರ ಕಾಂಡವನ್ನು ಸವರುವ ಹಾಗೆ ಮೆಲ್ಲಗೆ ಮೇಲೆ ಕೆಳಗೆ ಸವರಿದ. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿ ಕಣ್ಣು ಮುಚ್ಚಿಕೊಂಡ.

ಗೋಪಿ ಅವನನ್ನು ಗದರಲಿಲ್ಲ. ತಟ್ಟೆಯನ್ನು ಕೆಳಗಿಟ್ಟು, ಸಾರಿಗೆ ಉಪ್ಪು ಎಷ್ಟು ಹಾಕಿದ್ದೀರಿ ಎಂದು ಕೇಳುವಷ್ಟೇ ಮೃದುವಾಗಿ ಕೇಳಿದಳು.

"ನಿಮ್ಮನಿ ಸ್ವಂತದ್ದ್ ಅಂದಿದ್ರಿ, ಅಲ್ದಾ ಸೌಮ್ಯಮ್ಮ?"

ಸೌಮ್ಯಶ್ರೀ ಹೂಂ ಎಂದಳು. ಸುಳ್ಳು ಹೇಳಬಹುದಾಗಿದ್ದ ಗಳಿಗೆ ಅದೊಂದೇ ಇತ್ತು. ಅದೂ ಕಳೆಯಿತು.

ಗೋಪಿ ಕ್ಯಾರಿಯರ್ ಎತ್ತಿಕೊಂಡು ವರಾಂಡದ ಕೊನೆಯ ನಲ್ಲಿಯ ಕಡೆ ಹೋದಳು. ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿಸಿತು. ಮಧ್ಯೆ ಒಮ್ಮೆ ನಿಂತಿತು, ಅವಳು ಫೋನಿನಲ್ಲಿ ಲಾಯರೊಡನೆ ಎರಡು ಮಾತಾಡಿದ್ದು ಕೇಳಿಸಿತು, ಮತ್ತೆ ನೀರು ಬಿತ್ತು. ಸೌಮ್ಯಶ್ರೀ ಸ್ಟೂಲಿನ ಮೇಲೆ ಕುಳಿತು ಬಚ್ಚನ ತಿರುಗಿದ ಕತ್ತನ್ನು ನೋಡುತ್ತಿದ್ದಳು. ಅವನು ನಿದ್ದೆ ಮಾಡಿರಲಿಲ್ಲ, ಉಸಿರಾಟದಿಂದ ತಿಳಿಯುತ್ತಿತ್ತು. ಗೋಪಿ ಬಂದು ಕ್ಯಾರಿಯರನ್ನು ಅವಳ ಕೈಗೆ ಕೊಟ್ಟಳು. ಹಿಡಿಕೆ ಒದ್ದೆಯಾಗಿತ್ತು. ನಾಳೆ ಬರುತ್ತೇನೆ ಎಂದು ಸೌಮ್ಯಶ್ರೀ ಹೇಳಲಿಲ್ಲ, ಬನ್ನಿ ಎಂದು ಗೋಪಿಯೂ ಹೇಳಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಬಳಿ ಜಾಗ ಸಿಕ್ಕಿತು. ಕ್ಯಾರಿಯರನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹಗುರವಾಗಿತ್ತು, ಆದರೆ ಹೂವಿದ್ದ ದಿನವೂ ಇಷ್ಟೇ ಹಗುರ. ಕೋಟೇಶ್ವರದಲ್ಲಿ, ನಡುವಿನ ಕಟ್ಟೆ ತೆರೆದಿರುವ ಕಡೆ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ದಾಟುತ್ತಿದ್ದುದರಿಂದ ಡ್ರೈವರು ಜೋರಾಗಿ ಬ್ರೇಕ್ ಒತ್ತಿದ. ಡಬ್ಬಿಯೊಳಗೆ ಏನೋ ಸಣ್ಣದೊಂದು ಈ ಬದಿಯಿಂದ ಆ ಬದಿಗೆ ಸರಿದು ಟಣ್ ಎಂದಿತು. ಇವತ್ತೂ ಗೋಪಿ ಏನೋ ಇಟ್ಟಿದ್ದಾಳೋ ಎಂದುಕೊಂಡು, ಬೆಳಿಗ್ಗೆ ತಾನು ಚಮಚ ಹಾಕಿದ್ದೆನೇ ಎಂದು ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಮುಚ್ಚಳದ ಮೇಲೆ ಎರಡೂ ಕೈಗಳನ್ನು ಒತ್ತಿ ಹಿಡಿದುಕೊಂಡು, ಆ ಹೆಂಗಸು ಆಚೆ ದಡ ಮುಟ್ಟುವವರೆಗೆ ನೋಡುತ್ತ ಕುಳಿತಳು.