ಬಡ್ಡಿಗೊಂದು ಶಾಲು

ದೇಶಗಳ ಸಾಲ ಹೇಗೆ ಬೆಳೆಯುತ್ತದೆ ಎಂದು ತಿಳಿಯಲು ದಪ್ಪ ಪುಸ್ತಕ ಓದಬೇಕಾಗಿಲ್ಲ. ದುಬೈಯ ಅಲ್ ಕುಸೈಸ್‌ನಲ್ಲಿರುವ ನಮ್ಮ ಊರಿನವರ ಸಂಘವನ್ನು ನೋಡಿದರೆ ಸಾಕು. ನಲವತ್ತು ಕುಟುಂಬಗಳಿಗೆ ಹದಿನೆಂಟು ಮಂದಿ ಪದಾಧಿಕಾರಿಗಳಿದ್ದೇವೆ. ದೇಶಕ್ಕೆ ಇನ್ನೇನು ಬೇಕು?

ಮೊದಲ ಸಾಲ ಆದದ್ದು ಸ್ವಾತಂತ್ರ್ಯಕ್ಕಾಗಿ. ಹಿಂದೆ ನಾವು ಅಬುಧಾಬಿಯವರ ಸಂಘದಲ್ಲೇ ಇದ್ದೆವು. ಒಂದು ಕ್ರಿಸ್ಮಸ್ ಊಟದಲ್ಲಿ ದುಬೈಯವರ ಸರದಿ ಬರುವ ಮೊದಲೇ ಕೋಳಿ ಪದಾರ್ಥ ಖಾಲಿಯಾಯಿತು. ಅಂಥ ಅವಮಾನವನ್ನು ಯಾವ ಜನಾಂಗ ಸಹಿಸುತ್ತದೆ? ಬೇರೆಯಾದೆವು. ಬ್ಯಾನರು, ಮೈಕು, ಹಾಲಿನ ಬಾಡಿಗೆ ಎಲ್ಲ ಬೇಕಾಯಿತು. ಖಜಾನೆಯಲ್ಲಿ ಸ್ವಾಭಿಮಾನ ಬಿಟ್ಟು ಬೇರೇನೂ ಇರಲಿಲ್ಲ. ಎರಡು ಸಾವಿರ ದಿರ್ಹಂ ನಾನು ಕೊಟ್ಟೆ.

ಎರಡನೆಯ ಅಧ್ಯಕ್ಷನಿಗೆ ಅಭಿವೃದ್ಧಿಯ ಹುಚ್ಚು. ಕೀಬೋರ್ಡು ತಂದ, ಅದನ್ನು ನುಡಿಸುವವರು ಯಾರೂ ಇಲ್ಲದಿದ್ದರೂ. ಮೂರನೆಯವನು ಎರಡನೆಯವನಿಗಿಂತ ದೊಡ್ಡ ಸ್ಟೇಜು ಹಾಕಲೇಬೇಕಲ್ಲ! ಪ್ರತಿಯೊಬ್ಬನೂ ಹೋಗುವಾಗ ಸಾಲವನ್ನು ಮುಂದಿನವನ ತಲೆಗೆ ಕಟ್ಟಿ ಹೋದ. ಅಷ್ಟನ್ನೂ ಕೊಟ್ಟವನು ಈ ಫೆಲಿಕ್ಸನೇ, ಅಂದರೆ ನಾನೇ. ಊರಿನವರ ಹತ್ತಿರ ಬಡ್ಡಿ ಕೇಳುವುದು ಮರ್ಯಾದೆಯಲ್ಲ. ಅದಕ್ಕೆ ಬದಲಾಗಿ ವರ್ಷಕ್ಕೊಮ್ಮೆ ನನ್ನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡುತ್ತಿದ್ದರು. ಶಾಲಿನ ಖರ್ಚಿಗೂ ನನ್ನಿಂದಲೇ ಕೈಗಡ. 2016ರ ಹೊತ್ತಿಗೆ ಸಾಲ ಇಪ್ಪತ್ತು ಸಾವಿರ ಮುಟ್ಟಿತ್ತು. ಈ ಸೆಖೆಯ ಊರಿನಲ್ಲಿ ನನ್ನ ಕಪಾಟಿನ ತುಂಬ ಶಾಲುಗಳಿದ್ದವು.

ಆ ವರ್ಷ ನಮ್ಮ ಕಂಪನಿ ಸಂಬಳ ತಡಮಾಡಿತು. ಫ್ಲ್ಯಾಟಿನ ಬಾಡಿಗೆಗೆಂದು ಮೊದಲೇ ಬರೆದುಕೊಟ್ಟಿದ್ದ ಚೆಕ್ಕು ಮುಂದಿನ ತಿಂಗಳು ಬ್ಯಾಂಕಿಗೆ ಹೋಗಲಿತ್ತು. ಚೆಕ್ಕು ಬೌನ್ಸಾದರೆ ನೇರ ಪೊಲೀಸ್ ಠಾಣೆ, ಆಮೇಲೆ ಜೈಲು. ನನಗೆ ಊಟ ಸೇರಲಿಲ್ಲ. ನನ್ನ ಹೆಂಡತಿ ಎಮಿಲಿಯಾ ಕಪಾಟು ತೆರೆದು ತೋರಿಸಿ, ಇದನ್ನೆಲ್ಲ ಮನೆ ಮಾಲೀಕ ಬಾಡಿಗೆಯ ಬದಲು ಇಟ್ಟುಕೊಳ್ಳುತ್ತಾನೆಯೇ ಎಂದು ಕೇಳಿದಳು. ಕೊಟ್ಟ ಹಣ ವಾಪಸು ಕೇಳಲು ನನ್ನನ್ನು ಎಳೆದುಕೊಂಡೇ ಸಂಘದ ಸಭೆಗೆ ಹೋದಳು.

ಅಧ್ಯಕ್ಷ ಫ್ಲಾಯ್ಡ್ ಬ್ಯಾಂಕಿನಲ್ಲಿ ಕೆಲಸ ಮಾಡುವವನು, ರಜೆಯ ದಿನವೂ ಟೈ ಬಿಚ್ಚದವನು. ಯಾವ ದೊಡ್ಡ ದೇಶವೂ ಸಾಲ ಪೂರ್ತಿ ತೀರಿಸುವ ಗೋಜಿಗೆ ಹೋಗುವುದಿಲ್ಲ, ಸಾಲ ಬೆಳೆಯಿತೆಂದರೆ ನಂಬಿಕೆ ಬೆಳೆಯಿತೆಂದು ಅರ್ಥ ಎಂದು ನಮಗೆ ವಿವರವಾಗಿ ಪಾಠ ಮಾಡಿದ. ಸಭೆ ತಲೆದೂಗಿತು. ನಾಚಿಕೆಗೆಟ್ಟು ನಾನೂ ತಲೆದೂಗಿದೆ.

“ದೇಶವನ್ನು ಯಾರೂ ಜೈಲಿಗೆ ಹಾಕುವುದಿಲ್ಲ ಫ್ಲಾಯ್ಡ್,” ಎಂದಳು ಎಮಿಲಿಯಾ. “ಇವರನ್ನು ಹಾಕ್ತಾರೆ.”

ಫ್ಲಾಯ್ಡ್ ಟೈ ಸಡಿಲಿಸಿದ. ಕೊನೆಗೆ ಅವನು ಹಿಡಿದದ್ದೂ ದೇಶಗಳ ದಾರಿಯನ್ನೇ: ಹಳೆಯ ಸಾಲ ತೀರಿಸಲು ಹೊಸ ಸಾಲ. ಹ್ಯೂಬರ್ಟ್ ಎಂಬ ನಮ್ಮ ಊರಿನವನು ಆಗಷ್ಟೇ ಬರ್ ದುಬೈಯಲ್ಲಿ ಬಟ್ಟೆ ಅಂಗಡಿ ತೆರೆದಿದ್ದ. ಅವನಿಂದ ಇಪ್ಪತ್ತೈದು ಸಾವಿರ ತಂದರು. ಇಪ್ಪತ್ತು ನನ್ನ ಸಾಲಕ್ಕೆ, ಐದು ಹ್ಯೂಬರ್ಟನ ಸನ್ಮಾನಕ್ಕೆ. ನನ್ನ ಚೆಕ್ಕು ಪಾಸಾಯಿತು. ಎಮಿಲಿಯಾ ಇಗರ್ಜಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದಳು. ಸ್ವಲ್ಪ ದಿನದಲ್ಲೇ ಕಂಪನಿಯ ಬಾಕಿ ಸಂಬಳವೂ ಕೈಸೇರಿತು.

ಆಮೇಲೆ ವಾರ್ಷಿಕೋತ್ಸವ ಬಂತು. ಮೊದಲ ಸಾಲಿನ ಸೋಫಾದ ಕಡೆ ನಡೆಯುತ್ತಿದ್ದ ನಮ್ಮನ್ನು ಒಬ್ಬ ಕಾರ್ಯಕರ್ತ ತಡೆದು, ಹಿಂದೆ ಪ್ಲಾಸ್ಟಿಕ್ ಕುರ್ಚಿಗಳು ಖಾಲಿ ಇವೆ ಎಂದ. ಜ್ಯೂಸು ನಮ್ಮವರೆಗೆ ಬರಲಿಲ್ಲ. ಫ್ಲಾಯ್ಡ್ ಹ್ಯೂಬರ್ಟನನ್ನು ಸಂಘದ ಬೆನ್ನೆಲುಬು ಎಂದು ಕರೆದ. ಹೋದ ವರ್ಷ ಆ ಬೆನ್ನೆಲುಬು ನಾನಾಗಿದ್ದೆ. ಹ್ಯೂಬರ್ಟನ ಹೆಂಡತಿ ಮಗ್ದಲೀನಳನ್ನೂ ವೇದಿಕೆಗೆ ಕರೆದು ಹೂಗುಚ್ಛ ಕೊಟ್ಟರು. ನಾನು ಚಪ್ಪಾಳೆ ತಟ್ಟಿದೆ, ಆದರೆ ಹೊಟ್ಟೆ ಉರಿಯಿತು. ಹಣ ವಾಪಸು ಬಂದದ್ದಕ್ಕೆ ಜನ ಹೀಗೆ ದುಃಖಪಡುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಎಮಿಲಿಯಾ ಮಗ್ದಲೀನಳ ಕೈಯ ಹೂಗುಚ್ಛವನ್ನೇ ನೋಡುತ್ತಿದ್ದಳು.

“ಅವರು ಎಷ್ಟು ಕೊಟ್ಟದ್ದಂತೆ?” ಎಂದು ಕೇಳಿದಳು.

“ಇಪ್ಪತ್ತೈದು.”

ಅವಳು ವೇದಿಕೆಯಿಂದ ಕಣ್ಣು ತೆಗೆಯಲಿಲ್ಲ. “ಸಂಬಳ ಬಂತಲ್ಲ. ನಾವು ಮೂವತ್ತು ಕೊಡುವ.”